ಮೌನವು ಲೋಪವಲ್ಲ

ಕನ್ನಡ ಪಂಡಿತನೊಬ್ಬನು ಯೀಸ್ಟಿನ ವಿಚಾರವಾಗಿ ಬರೆಯಹೊರಟಿರುವುದನ್ನು ಕಂಡು ಈ ಸಂಚಿಕೆಯ ವಾಚಕರು ಮುಗುಳ್ನಗಬಹುದು. ಛಂದಸ್ಸು, ಅಲಂಕಾರ, ವ್ಯಾಕರಣಗಳನ್ನು ಬಿಟ್ಟು ಹಿಟ್ಟು ಹುದುಗುವ ಸಂಗತಿಗೆ ಈತನೇಕೆ ಕೈಹಾಕಿದನೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವುದೂ ಸಹಜವೇ. ನಾನು ವಿಜ್ಞಾನವನ್ನು ಕ್ರಮವಾಗಿ ಓದಿದವನಲ್ಲ. ಗುರುಮುಖದಿಂದ ಕೌಮುದಿಯನ್ನೂ ಶಬ್ದಮಣಿದರ್ಪಣವನ್ನೂ ಪಾಠ ಹೇಳಿಸಿಕೊಂಡು ವಿದ್ವತ್ ಪದವಿಯನ್ನು ಪಡೆದವನು. ಆದರೆ ಒಂದು ಶಬ್ದದ ನಿಮಿತ್ತದಿಂದ ಈ ವಿಷಯದೊಳಕ್ಕೆ ಹೊಕ್ಕೆ. ಹೊಕ್ಕ ಮೇಲೆ ಅಲ್ಲಿ ಕಂಡುದು ಅಧ್ಯಾಪಕನಾದ ನನ್ನ ಬಗೆಗೇ ಒಂದು ಪ್ರಶ್ನೆಯನ್ನೆತ್ತಿತು. ಆ ಪ್ರಶ್ನೆಯನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳಾದ ಮಹನೀಯರ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮಕ್ಕಳು ಚಿತ್ರಪಟಗಳನ್ನು ಸಿದ್ಧಪಡಿಸುತ್ತಿದ್ದ ದಿನಗಳವು. ವಿಜ್ಞಾನದ ಅಧ್ಯಾಪಕಿಯವರು ಒಂದು ಪಟವನ್ನು ಹಿಡಿದು ಬಂದು, “ಗುರುಗಳೇ, ‘ಜೀನ್ ಸೈಲೆನ್ಸಿಂಗ್’ ಎಂಬುದನ್ನು ಕನ್ನಡದಲ್ಲಿ ಏನೆಂದು ಬರೆಯಿಸಲಿ?” ಎಂದು ಕೇಳಿದರು. ಅರ್ಥವೇನೆಂದು ವಿಚಾರಿಸಿದೆ. ವಂಶವಾಹಿಯು ಇದ್ದ ಹಾಗೆಯೇ ಇದ್ದು ತನ್ನ ಕಾರ್ಯವನ್ನು ತೋರದಂತೆ ಮಾಡುವುದೆಂದು ಹೇಳಿದರು. “ಹಾಗಾದರೆ ಲೋಪವೆಂದು ಬರೆಯಿಸಮ್ಮಾ, ಕಾಣದಿರುವಿಕೆಯನ್ನೇ ಪಾಣಿನಿಯು ಲೋಪವೆಂದು ಕರೆದಿದ್ದಾನೆ” ಎಂದು ನಾನು ಶಾಸ್ತ್ರದ ಬಲದಿಂದ ನುಡಿದೆ. ಆಕೆ ಸ್ವಲ್ಪ ಯೋಚಿಸಿ, “ಗುರುಗಳೇ, ತಾವೇ ಎಂಟನೆಯ ತರಗತಿಯಲ್ಲಿ ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರವು ಹೋಯಿತೆಂದು ಪಾಠ ಮಾಡಿದ್ದೀರಿ. ಮಕ್ಕಳಿಗೆ ಲೋಪವೆಂದರೆ ಅಕ್ಷರ ಹೋಯಿತೆಂದೇ ಅರ್ಥ. ಇಲ್ಲಿ ಒಂದು ಅಕ್ಷರವೂ ಹೋಗಿಲ್ಲ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಎರಡು ಸಂಜೆ ಅವರೆದುರು ಶಿಷ್ಯನಂತೆ ಕುಳಿತು ವಿಷಯವನ್ನು ಕೇಳಿಸಿಕೊಂಡೆ. ಅವರು ಕೊಟ್ಟ ಪುಸ್ತಕಗಳನ್ನು ನಿಘಂಟಿನ ನೆರವಿನಿಂದ ಓದಿದೆ. ನನಗೆ ತಿಳಿದಷ್ಟನ್ನು ಮೊದಲು ನಿವೇದಿಸುತ್ತೇನೆ.

ಯೀಸ್ಟು ಏಕಕೋಶದ ಶಿಲೀಂಧ್ರ. ಬೇಕರಿಯ ಬ್ರೆಡ್ಡನ್ನು ಉಬ್ಬಿಸುವ ಜಾತಿಗೆ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂದು ಶಾಸ್ತ್ರೀಯ ನಾಮ. ಈಚಲ ರಸವನ್ನು ಹೆಂಡವಾಗಿಸುವ ಸೂಕ್ಷ್ಮಜೀವಿಗಳಲ್ಲಿಯೂ ಇದು ಸೇರಿದೆ. ಸಂಸ್ಕೃತದ ‘ಕಿಣ್ವ’ವೆಂಬ ಶಬ್ದಕ್ಕೆ ಮದ್ಯವನ್ನು ಹುದುಗಿಸುವ ದ್ರವ್ಯವೆಂದೇ ಮೂಲಾರ್ಥ, ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಅದನ್ನು ಪ್ರಸ್ತಾಪಿಸಿದ್ದಾನೆ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಅದೇ ಶಬ್ದವು ಎನ್‌ಜೈಮ್ ಎಂಬುದಕ್ಕೆ ನಿಂತಿದೆ. ಆ ಪಾಶ್ಚಾತ್ಯ ಶಬ್ದವೂ ‘ಹುದುಗಿನೊಳಗಿರುವುದು’ ಎಂಬ ಗ್ರೀಕ್ ಮೂಲದಿಂದ ಬಂದುದೆಂದು ತಿಳಿದಾಗ, ನಮ್ಮ ಹಿರಿಯ ಅನುವಾದಕರ ಆಯ್ಕೆ ಎಷ್ಟು ಸಮಂಜಸವಾದುದೆಂದು ನನಗೆ ಸಂತೋಷವಾಯಿತು.

ಒಂದು ಯೀಸ್ಟ್ ಕೋಶದ ಗಾತ್ರವು ಒಂದು ಮಿಲಿಮೀಟರಿನ ಸುಮಾರು 200ನೆಯ ಒಂದು ಪಾಲು. ಇಷ್ಟು ಕಿರಿದಾದ ಜೀವಿಯೊಳಗೆ 16 ವರ್ಣತಂತುಗಳಿವೆ; ಅವುಗಳಲ್ಲಿ ಸುಮಾರು 1 ಕೋಟಿ 20 ಲಕ್ಷ ಅಕ್ಷರಜೋಡಿಗಳಿಂದ ಬರೆಯಲ್ಪಟ್ಟ, ಸುಮಾರು 6000 ವಂಶವಾಹಿಗಳ ಗ್ರಂಥವಿದೆ. ಈ ಗ್ರಂಥವನ್ನು ಆದ್ಯಂತವಾಗಿ ಓದಿ ಮುಗಿಸಿದುದು 1996ರಲ್ಲಿ. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಹೀಗೆ ಪೂರ್ಣವಾಗಿ ಓದಲ್ಪಟ್ಟ ಮೊದಲನೆಯದು ಇದೇ.

ಯೀಸ್ಟಿನಲ್ಲಿ ಹೆಣ್ಣು ಗಂಡುಗಳ ಭೇದಕ್ಕೆ ಬದಲಾಗಿ ‘ಎ’ ಮತ್ತು ‘ಆಲ್ಫಾ’ ಎಂಬ ಎರಡು ಬಗೆಗಳಿವೆ. ‘ಎ’ಯು ಆಲ್ಫಾದೊಡನೆ ಮಾತ್ರ ಕೂಡಬಲ್ಲುದು. ಕೋಶವು ಯಾವ ಬಗೆಯದೆಂಬುದನ್ನು ಮೂರನೆಯ ವರ್ಣತಂತುವಿನ ನಡುಭಾಗದ ‘ಮ್ಯಾಟ್’ ಎಂಬ ಸ್ಥಾನದಲ್ಲಿರುವ ಬರಹವು ನಿರ್ಣಯಿಸುತ್ತದೆ. ಆಶ್ಚರ್ಯವೆಂದರೆ ಅದೇ ವರ್ಣತಂತುವಿನ ಎರಡು ತುದಿಗಳ ಸಮೀಪದಲ್ಲಿ ಇನ್ನೆರಡು ಪ್ರತಿಗಳಿವೆ. ಎಡಗಡೆಯ ‘ಎಚ್‌ಎಂಎಲ್’ ಎಂಬಲ್ಲಿ ಸಾಮಾನ್ಯವಾಗಿ ಆಲ್ಫಾದ ಬರಹ. ಬಲಗಡೆಯ ‘ಎಚ್‌ಎಂಆರ್’ ಎಂಬಲ್ಲಿ ‘ಎ’ಯ ಬರಹ. ಇವು ಹರಿದ ಪ್ರತಿಗಳಲ್ಲ, ತಪ್ಪಾದ ಪ್ರತಿಗಳೂ ಅಲ್ಲ. ನಡುವಣ ಸ್ಥಾನದಲ್ಲಿದ್ದರೆ ಸ್ಪಷ್ಟವಾಗಿ ನುಡಿಯುವ ಬರಹವೇ ಈ ತುದಿಗಳಲ್ಲಿ ತುಟಿಪಿಟಕ್ಕೆನ್ನದೆ ಇರುತ್ತದೆ. ಅಕ್ಷರ ಒಂದೇ, ಸ್ಥಾನ ಬೇರೆ, ಸ್ಥಾನಭೇದದಿಂದ ಫಲಭೇದ.

ನುಡಿಯದ ಪ್ರತಿಯನ್ನು ಈ ಜೀವಿಯು ಏಕೆ ಹೊತ್ತು ತಿರುಗುತ್ತದೆ? ಜಪಾನಿನ ಒಶಿಮಾ ಮತ್ತು ತಕಾನೊ ಎಂಬ ವಿದ್ವಾಂಸರು 1971ರಲ್ಲಿಯೂ, ಅಮೆರಿಕದ ಹಿಕ್ಸ್, ಸ್ಟ್ರಾದರ್ನ್ ಮತ್ತು ಹರ್ಸ್ಕೊವಿಟ್ಸ್ ಎಂಬವರು 1977ರಲ್ಲಿಯೂ ಮುಂದಿಟ್ಟ ವಿಚಾರಗಳಿಂದ ಈ ಒಗಟು ಬಿಡಿಸಿತು. ಕಾಡುಯೀಸ್ಟಿನ ಕೋಶವು ತನ್ನ ಬಗೆಯನ್ನು ಬದಲಿಸಿಕೊಳ್ಳಬಲ್ಲುದು. ಆಗ ಒಂದು ಕಿಣ್ವವು ನಡುವಣ ಬರಹವನ್ನು ಕತ್ತರಿಸುತ್ತದೆ. ತೆರವಾದೆಡೆಯನ್ನು ತುದಿಯ ಮೌನಪ್ರತಿಯಿಂದ ನಕಲು ಮಾಡಿ ತುಂಬಲಾಗುತ್ತದೆ. ಮೌನಪ್ರತಿಯು ಮಾತ್ರ ತಾನಿದ್ದಲ್ಲಿಯೇ ಅಕ್ಷತವಾಗಿ ಉಳಿಯುತ್ತದೆ. ನಾವು ನಿಷ್ಪ್ರಯೋಜಕವೆಂದು ಬಗೆಯಬಹುದಾಗಿದ್ದ ಆ ಬರಹವೇ ವಾಸ್ತವದಲ್ಲಿ ಭಂಡಾರದ ಮೂಲಪ್ರತಿ.

ಇನ್ನು ಈ ಮೌನವನ್ನು ಕಾಯುವವರಾರು? 1970ರ ದಶಕದ ಕೊನೆಯಲ್ಲಿ ಜಾಸ್ಪರ್ ರೈನ್ ಮೊದಲಾದವರೂ, ಭಾರತ ಮೂಲದ ಅಮರ್ ಕ್ಲಾರ್ ಅವರೂ, ಮೌನಪ್ರತಿಗಳು ಬಾಯಿಬಿಡುವಂತಹ ವಿಕೃತಿಗಳನ್ನು ಯೀಸ್ಟಿನಲ್ಲಿ ಕಂಡರು. ಯಾವ ವಂಶವಾಹಿ ಕೆಟ್ಟರೆ ಮೌನ ಮುರಿಯುವುದೋ ಆ ವಂಶವಾಹಿಯೇ ಮೌನದ ಕಾವಲುಗಾರನೆಂದು ತರ್ಕದಿಂದ ಸಿದ್ಧವಾಯಿತು. 1987ರ ಹೊತ್ತಿಗೆ ಅಂತಹ ನಾಲ್ಕು ವಂಶವಾಹಿಗಳು ಗುರುತಿಸಲ್ಪಟ್ಟಿದ್ದವು. ‘ಮೌನಮಾಹಿತಿಯ ನಿಯಾಮಕ’ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ಅವುಗಳಿಗೆ ‘ಸರ್’ ಎಂದು ಹೆಸರಿಟ್ಟಿದ್ದಾರೆ. ಪ್ರದರ್ಶನದ ದಿನ ಇದನ್ನು ಓದಿದ ನಮ್ಮ ಹುಡುಗರು, “ಸರ್ ಬಂದರೆ ಮೌನ, ಸರ್ ಹೋದರೆ ಗದ್ದಲ, ಇದನ್ನು ಕಂಡುಹಿಡಿಯಲು ಅಮೆರಿಕಕ್ಕೆ ಹೋಗಬೇಕಾಗಿತ್ತೇ?” ಎಂದು ನಕ್ಕರು. ನಾನೂ ನಕ್ಕೆ.

ಈ ಕಾವಲಿನ ರೀತಿಯನ್ನು ಓಲೆಗರಿಯ ಕಟ್ಟಿನ ಸಾದೃಶ್ಯದಿಂದ ಹೇಳಬಹುದು. ಎರಡು ಹಲಗೆಗಳ ನಡುವೆ ಗರಿಗಳನ್ನಿರಿಸಿ, ದಾರದಿಂದ ಬಿಗಿದು, ವಸ್ತ್ರದಲ್ಲಿ ಸುತ್ತಿಟ್ಟ ಕಟ್ಟುಗಳನ್ನು ಮಠಗಳಲ್ಲಿ ನೋಡಿದವರಿಗೆ ಇದು ಸುಲಭವಾಗಿ ವೇದ್ಯವಾಗುತ್ತದೆ. ಅಕ್ಷರಗಳೆಲ್ಲವೂ ಒಳಗಿವೆ, ಆದರೆ ದಾರ ಸಡಿಲದ ಹೊರತು ಓದಲಾಗದು. ಕೋಶದಲ್ಲಿ ಡಿ.ಎನ್.ಎ. ಎಳೆಯು ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳ ಉಂಡೆಯೊಂದಕ್ಕೆ 147 ಅಕ್ಷರಜೋಡಿಗಳಷ್ಟು ಉದ್ದ ಸುತ್ತಿಕೊಳ್ಳುತ್ತದೆ. ಇಂತಹ ಉಂಡೆಗಳು ಸಾಲಾಗಿರುತ್ತವೆ. ಹಿಸ್ಟೋನಿನ ಬಾಲಗಳಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಿದ್ದರೆ ಕಟ್ಟು ಸಡಿಲವಾಗಿರುತ್ತದೆ. ಅದನ್ನು ತೆಗೆದರೆ ಬಿಗಿಗೊಳ್ಳಲು ಅನುವಾಗುತ್ತದೆ.

ಮೌನಪ್ರತಿಗಳ ಎರಡು ಪಕ್ಕಗಳಲ್ಲಿ ‘ಸೈಲೆನ್ಸರ್’ ಎಂಬ ಗುರುತಿನ ಜಾಗಗಳಿವೆ. ಓಆರ್‌ಸಿ, ರ‍್ಯಾಪ್-1, ಎಬಿಎಫ್-1 ಎಂಬ ಪ್ರೋಟೀನುಗಳು ಅಲ್ಲಿ ಬಂದು ಕೂಡುತ್ತವೆ. ಓಆರ್‌ಸಿಯನ್ನು ಸರ್-1 ಹಿಡಿಯುತ್ತದೆ. ಸರ್-1 ಮತ್ತು ರ‍್ಯಾಪ್-1ರ ಆಸರೆಯಿಂದ ಸರ್-4 ನಿಲ್ಲುತ್ತದೆ. ಅದರ ಜೊತೆಯಲ್ಲಿ ಸರ್-2 ಬರುತ್ತದೆ. ಸರ್-2 ಒಂದು ಕಿಣ್ವ. ಹಿಸ್ಟೋನಿನಿಂದ ಅಸಿಟೈಲನ್ನು ತೆಗೆಯುವುದೇ ಅದರ ಕೆಲಸವೆಂದು 2000ದಲ್ಲಿ ಸ್ಪಷ್ಟವಾಯಿತು. ಹಾಗೆ ಬರಿದಾದ ಬಾಲವನ್ನು ಸರ್-3 ಮತ್ತು ಸರ್-4 ಹಿಡಿದುಕೊಳ್ಳುತ್ತವೆ. ಅವು ಇನ್ನೊಂದು ಸರ್-2ನ್ನು ಬರಮಾಡಿಕೊಳ್ಳುತ್ತವೆ. ಅದು ಪಕ್ಕದ ಉಂಡೆಯ ಅಸಿಟೈಲನ್ನು ತೆಗೆಯುತ್ತದೆ. ಹೀಗೆ ಮೌನವು ಉಂಡೆಯಿಂದ ಉಂಡೆಗೆ ಹಬ್ಬುತ್ತದೆ. ಅದು ಎಲ್ಲೆಮೀರದಂತೆ ತಡೆಯುವ ವ್ಯವಸ್ಥೆಯೂ ಇದೆ: ಎಚ್‌ಎಂಆರ್‌ನ ಪಕ್ಕದಲ್ಲಿ ಟಿ-ಆರ್.ಎನ್.ಎ. ವಂಶವಾಹಿಯೊಂದು ಎಲ್ಲೆಗಲ್ಲಿನಂತೆ ನಿಂತಿದೆ. ಸ್ಯಾಸ್-2 ಎಂಬ ಇನ್ನೊಂದು ಕಿಣ್ವವು ಅಸಿಟೈಲನ್ನು ಮರಳಿ ಅಂಟಿಸುವ ಎದುರುಗೆಲಸವನ್ನು ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಂದೊಂದು ಅಸಿಟೈಲನ್ನು ತೆಗೆಯುವಾಗಲೂ ಸರ್-2 ಎನ್.ಎ.ಡಿ. ಎಂಬ ಅಮೂಲ್ಯ ಅಣುವೊಂದನ್ನು ವ್ಯಯಿಸುತ್ತದೆ. ಎಂದರೆ ಮೌನವು ಪುಕ್ಕಟೆಯಾಗಿ ಬರುವುದಿಲ್ಲ. ಏನೂ ಮಾಡದಿದ್ದರೆ ತಾನಾಗಿ ಉಂಟಾಗುವ ಸ್ಥಿತಿ ಅದಲ್ಲ. ಮಾತಿನಂತೆಯೇ ಅದೂ ಒಂದು ಕ್ರಿಯೆ. ಸರ್-2, ಸರ್-3, ಸರ್-4ರಲ್ಲಿ ಯಾವೊಂದು ಕೆಟ್ಟರೂ ಮೌನಪ್ರತಿಗಳು ನುಡಿಯತೊಡಗುತ್ತವೆ. ಆಗ ಕೋಶದ ಸಾಮರ್ಥ್ಯವು ಇಮ್ಮಡಿಯಾಗುವುದೇನೋ ಎಂದು ನಾನು ಭಾವಿಸಿದ್ದೆ. ನಡೆಯುವುದು ಅದಕ್ಕೆ ವಿಪರೀತ: ‘ಎ’ ಮತ್ತು ಆಲ್ಫಾ ಎರಡೂ ಒಮ್ಮೆಗೇ ನುಡಿದುದರಿಂದ ಆ ಕೋಶವು ಆಗಲೇ ಕೂಡಿ ಒಂದಾದ ಕೋಶದಂತೆ ವರ್ತಿಸುತ್ತದೆ, ಯಾವ ಬಗೆಯೊಡನೆಯೂ ಕೂಡಲಾರದೆ ಹೋಗುತ್ತದೆ.

ನನ್ನನ್ನು ಬಹುವಾಗಿ ಕಲಕಿದುದು ಮುಂದಿನ ಸಂಗತಿ. ಸರ್-1 ಮಾತ್ರ ಕೆಟ್ಟಿರುವ ಯೀಸ್ಟನ್ನು ಲೊರೇನ್ ಪಿಲ್ಲಸ್ ಮತ್ತು ಜಾಸ್ಪರ್ ರೈನ್ 1989ರಲ್ಲಿ ಪರೀಕ್ಷಿಸಿದರು. ಅಕ್ಷರಶಃ ಒಂದೇ ಗ್ರಂಥವನ್ನು ಹೊತ್ತಿರುವ ಆ ಕೋಶಗಳಲ್ಲಿ ಕೆಲವು ಮೌನವನ್ನು ಉಳಿಸಿಕೊಂಡಿದ್ದವು, ಕೆಲವು ಕಳೆದುಕೊಂಡಿದ್ದವು. ಮೌನಿಯ ಸಂತತಿ ಬಹುಮಟ್ಟಿಗೆ ಮೌನಿಯಾಗಿಯೂ, ಮಾತುಗಾರನ ಸಂತತಿ ಬಹುಮಟ್ಟಿಗೆ ಮಾತುಗಾರನಾಗಿಯೂ ಮುಂದುವರಿದವು. ಅಪರೂಪಕ್ಕೊಮ್ಮೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುತ್ತಿದ್ದವು. ಮರುವರ್ಷ, ಎಂದರೆ 1990ರಲ್ಲಿ, ಗಾಟ್ಶ್ಲಿಂಗ್ ಮತ್ತು ಸಂಗಡಿಗರು ‘ಎಡಿಇ-2’ ಎಂಬ ವಂಶವಾಹಿಯನ್ನು ವರ್ಣತಂತುವಿನ ತುದಿಯ ಬಳಿ ಇರಿಸಿ ನೋಡಿದರು. ಆ ವಂಶವಾಹಿಯು ನುಡಿದರೆ ಯೀಸ್ಟಿನ ಬಣ್ಣ ಬಿಳುಪು, ಮೌನವಾದರೆ ಕೆಂಪು. ಒಂದೇ ಕೋಶದಿಂದ ಬೆಳೆದ ಗುಂಪಿನೊಳಗೆ ಕೆಂಪು ಬಿಳುಪಿನ ಪಟ್ಟೆಗಳು ಮೂಡಿದವು. ಬರಹದಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ; ಬಣ್ಣ ಮಾತ್ರ ಎರಡು.

ಇಷ್ಟನ್ನು ತಿಳಿದ ಮೇಲೆ ನಾನು ಅಧ್ಯಾಪಕಿಯವರ ಬಳಿಗೆ ಹೋಗಿ ನನ್ನ ‘ಲೋಪ’ವನ್ನು ಹಿಂತೆಗೆದುಕೊಂಡೆ. ಶಾಸ್ತ್ರದಲ್ಲಿ ಅದರ ಅರ್ಥವು ಏನೇ ಇರಲಿ, ಲೋಕವ್ಯವಹಾರದಲ್ಲಿ ಲೋಪವೆಂದರೆ ನಷ್ಟ, ಕೊರತೆ. ಯಾರೋ ಸೂಚಿಸಿದ್ದ ‘ಮೂಕ’ವೂ ಸಲ್ಲದೆಂದೆ, ಮೂಕನು ನುಡಿಯಲಾರದವನು. ಮೌನಿಯಾದರೋ ನುಡಿಯಬಲ್ಲವನಾಗಿದ್ದು ನುಡಿಯದಿರುವವನು. ಮುನಿಯ ಭಾವವೇ ಮೌನ. ಆದುದರಿಂದ ಪಟದ ಮೇಲೆ ‘ವಂಶವಾಹಿಯ ಮೌನ’ ಎಂದು ಬರೆಯಿಸಿದೆವು.

ಶಬ್ದವೇನೋ ನಿರ್ಣಯವಾಯಿತು. ಆದರೆ ಅಂದು ರಾತ್ರಿ ನನಗೆ ಬೇರೊಂದು ಲೋಪದ ನೆನಪಾಯಿತು. ನಾನು ಅಧ್ಯಾಪಕವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ, ಮನೆತನದಲ್ಲಿ ಅಕ್ಷರ ಕಲಿತವರೇ ಇಲ್ಲದ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದ. ಪದ್ಯವನ್ನು ಓದೆಂದರೆ ತಲೆತಗ್ಗಿಸಿ ನಿಲ್ಲುವನು. ಪ್ರಶ್ನೆ ಕೇಳಿದರೆ ತುಟಿ ಬಿಚ್ಚನು. ಎರಡು ತಿಂಗಳು ನೋಡಿ, ಅವನ ಪ್ರಗತಿಪತ್ರದಲ್ಲಿ ‘ಗ್ರಹಣಶಕ್ತಿ ಇಲ್ಲ’ ಎಂದು ಬರೆದೆ. ಅವನ ತಂದೆ ಬಂದಾಗ, ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನೂ ಸೇರಿಸಿ ಹೇಳಿದೆ. ಆ ರೈತನು ನನಗೆ ಕೈಮುಗಿದು, “ತಿಳಿದವರು ತಾವು ಹೇಳಿದ ಮೇಲೆ ಇನ್ನೇನು ಬುದ್ಧಿ” ಎಂದು ಹೊರಟುಹೋದನು. ಮರುವರ್ಷ ಹುಡುಗನು ಶಾಲೆಗೆ ಬರಲಿಲ್ಲ. ಅವನು ಎಲ್ಲಿರುವನೋ ನನಗೆ ತಿಳಿಯದು. ನಾನು ಕಂಡುದು ಮೌನವನ್ನು; ಬರೆದುದು ಲೋಪವನ್ನು.

ಇಲ್ಲಿ ನಾನು ಎಚ್ಚರದಿಂದ ಮಾತನಾಡಬೇಕಾಗಿದೆ. ದೃಷ್ಟಾಂತವು ತಾನೇ ಪ್ರಮಾಣವಾಗದೆಂದು ನಮ್ಮ ಶಾಸ್ತ್ರವೇ ಕಲಿಸಿದೆ. ಉಪಮಾನಕ್ಕೂ ಉಪಮೇಯಕ್ಕೂ ಒಂದು ಸಾಧಾರಣಧರ್ಮವಿದ್ದ ಮಾತ್ರಕ್ಕೆ ಅವೆರಡೂ ಒಂದೇ ಆಗುವುದಿಲ್ಲ. ಯೀಸ್ಟು ಯೀಸ್ಟೇ, ಬಾಲಕನು ಬಾಲಕನೇ. ಆ ಹುಡುಗನ ಮೌನಕ್ಕೆ ಕಾರಣ ಸರ್-2 ಅಲ್ಲ, ಹೊಸ ಊರು, ಹಸಿವು, ನನ್ನ ಗದರಿಕೆ ಇವೇ ಮೊದಲಾದುವಾಗಿರಬಹುದು. ಆದರೆ ಹುಟ್ಟುಗುಣದ ಗಾದೆಯನ್ನು ಹೇಳುವಾಗ ನಾವು ವಿಜ್ಞಾನವೂ ನಮ್ಮ ಬೆನ್ನಿಗಿದೆಯೆಂಬ ಧೈರ್ಯದಿಂದ, ‘ರಕ್ತದಲ್ಲಿಯೇ ಇಲ್ಲ’, ‘ವಂಶದಲ್ಲಿಯೇ ಇಲ್ಲ’ ಎನ್ನುತ್ತೇವೆ. ಆ ಧೈರ್ಯಕ್ಕೆ ಆಧಾರವಿಲ್ಲವೆಂಬುದಷ್ಟೇ ನನ್ನ ವಾದ. ಒಂದೇ ಬರಹವುಳ್ಳ ಎರಡು ಕೋಶಗಳೇ ಎರಡು ಬಣ್ಣ ತಳೆಯುವಾಗ, ಕಾಣದುದೆಲ್ಲವೂ ಇಲ್ಲದುದೆಂದು ಮನುಷ್ಯಶಿಶುವಿನ ವಿಷಯದಲ್ಲಿ ಎರಡು ತಿಂಗಳಲ್ಲಿ ತೀರ್ಪುಕೊಡಲು ನಾವಾರು? ಲೋಕದಲ್ಲಿ ನಿಜವಾದ ಲೋಪಗಳೂ ಉಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಲೋಪವೋ ಮೌನವೋ ಎಂದು ಪರೀಕ್ಷಿಸಿ ನೋಡುವುದಕ್ಕೆ ಮೊದಲೇ ಬರೆಯಬಾರದೆಂದು ಹೇಳುತ್ತಿದ್ದೇನೆ.

ಇದಕ್ಕೆ ಎದುರುಬದಿಯ ಅತಿರೇಕವನ್ನೂ ನಾನು ಒಪ್ಪಲಾರೆ. ಬರಹ ಬದಲಾಗದೆ ನಡತೆ ಬದಲಾಗಬಹುದೆಂಬ ವಿಜ್ಞಾನದ ಮಾತನ್ನು ಕೇಳಿದೊಡನೆ, ಸಂಸ್ಕಾರದಿಂದ ವಂಶವಾಹಿಗಳನ್ನೇ ತಿದ್ದಬಹುದೆಂದೂ, ಇದೆಲ್ಲವೂ ನಮ್ಮ ಪೂರ್ವಜರಿಗೆ ತಿಳಿದಿತ್ತೆಂದೂ ವೇದಿಕೆಗಳಲ್ಲಿ ಸಾರುವವರಿದ್ದಾರೆ. ಹಳೆಯ ಗ್ರಂಥಗಳನ್ನು ಜೀವಮಾನವೆಲ್ಲ ಓದಿದವನಾಗಿ ಹೇಳುತ್ತೇನೆ: ಹಿಸ್ಟೋನಿನ ಬಾಲವು ಅವುಗಳಲ್ಲಿ ಇಲ್ಲ. ಇಲ್ಲದುದನ್ನು ಇದೆಯೆಂದು ಹೇಳಿ ಪೂರ್ವಜರಿಗೆ ಗೌರವ ತರಲಾಗದು. ಹಾಗೆಯೇ 1999ರಲ್ಲಿ, ಸರ್-2ರ ಒಂದು ಪ್ರತಿಯನ್ನು ಹೆಚ್ಚಾಗಿ ಕೊಟ್ಟರೆ ಯೀಸ್ಟಿನ ತಾಯಿಕೋಶವು ಶೇಕಡಾ 30ರಷ್ಟು ಹೆಚ್ಚು ಬಾಳುವುದೆಂದು ತಿಳಿದುಬಂದಾಗ, ದೀರ್ಘಾಯುಷ್ಯದ ಮದ್ದು ಸಿಕ್ಕಿತೆಂದು ಜಗತ್ತಿನಲ್ಲಿ ಕೋಲಾಹಲವಾಯಿತು. ಹುಳುಗಳಲ್ಲಿಯೂ ಹಣ್ಣುನೊಣಗಳಲ್ಲಿಯೂ ಅದೇ ಫಲ ಕಂಡಿತೆಂಬ ವರದಿಗಳನ್ನು ಬೇರೆ ವಿಜ್ಞಾನಿಗಳು ಎಚ್ಚರಿಕೆಯಿಂದ ಮರುಪರೀಕ್ಷಿಸಿ, ಆ ಫಲವು ನಿಲ್ಲಲಿಲ್ಲವೆಂದು 2011ರಲ್ಲಿ ಪ್ರಕಟಿಸಿದರು. ತಾನು ಮೆಚ್ಚಿದ ಮಾತನ್ನೇ ಮರುಪರೀಕ್ಷೆಗೆ ಒಡ್ಡುವ ಈ ನಿಷ್ಠುರತೆಯು ವಿಜ್ಞಾನದಿಂದ ನಮ್ಮ ಮಕ್ಕಳು ಕಲಿಯಬೇಕಾದ ಮೊದಲ ಪಾಠ.

ಕೊನೆಯಲ್ಲಿ ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದು ಅಧ್ಯಾಪಕ ಮಿತ್ರರಿಗೆ: ಪ್ರಗತಿಪತ್ರದಲ್ಲಿ ‘ಇಲ್ಲ’ ಎಂದು ಬರೆಯುವೆಡೆಯಲ್ಲಿ ‘ಇನ್ನೂ ತೋರಿಲ್ಲ’ ಎಂದು ಬರೆಯೋಣ. ಎರಡು ಪದ ಹೆಚ್ಚಾದರೂ ಬಾಗಿಲು ತೆರೆದಿರುತ್ತದೆ. ಉಚಿತ ಪ್ರಸಾದನಿಲಯಕ್ಕೆ ಬರುವ ಮಕ್ಕಳಲ್ಲಿ ಆ ಬಾಗಿಲೊಂದನ್ನೇ ನಂಬಿ ಬಂದವರು ಅನೇಕರು. ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ: ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ಕನ್ನಡದಲ್ಲಿ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿದರು, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದರು. ನಿಮ್ಮಲ್ಲಿ ವಿಜ್ಞಾನಿಗಳೂ ವೈದ್ಯರೂ ಆಗಿರುವವರು ವರ್ಷಕ್ಕೊಂದು ಲೇಖನವನ್ನಾದರೂ ಕನ್ನಡದಲ್ಲಿ ಬರೆದು ಶಾಲೆಗೆ ಕಳುಹಿಸಿಕೊಡಿರಿ. ಶಬ್ದ ತೋಚದಿದ್ದೆಡೆ ಕನ್ನಡ ಪಂಡಿತರನ್ನು ಕೇಳಿರಿ, ಅವರು ತಪ್ಪು ಹೇಳಿದರೆ ತಿದ್ದಿರಿ. ಮೂರನೆಯದು ದಾನಿಗಳಿಗೆ: ಕಟ್ಟಡಗಳಿಗಾಗಿ ತಾವು ಕೊಟ್ಟುದು ಅಪಾರ. ಇನ್ನೊಂದು ಕೊಠಡಿಯ ಬದಲು ಈ ಸಲ ಒಳ್ಳೆಯ ಸೂಕ್ಷ್ಮದರ್ಶಕವೊಂದನ್ನು ದಯಪಾಲಿಸಬೇಕು. ಸಕ್ಕರೆ ನೀರಿನಲ್ಲಿ ಕದಡಿದ ಒಂದು ಚಿಟಿಕೆ ಯೀಸ್ಟು ಮೊಗ್ಗೊಡೆಯುವುದನ್ನು ನಮ್ಮ ಮಕ್ಕಳು ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ; ಕಣ್ಣಾರೆ ಕಾಣಲಿ.

ನನ್ನ ಸೇವಾವಧಿ ಇನ್ನು ಕೆಲವೇ ವರ್ಷಗಳದು. ಆ ಹುಡುಗನ ಪ್ರಗತಿಪತ್ರವನ್ನು ತಿದ್ದುವ ಅವಕಾಶ ನನಗೆ ಇನ್ನಿಲ್ಲ. ಈಗ ಎಂಟನೆಯ ತರಗತಿಯ ಹಿಂದಿನ ಸಾಲಿನಲ್ಲಿ ಮಾತನಾಡದ ಮಕ್ಕಳು ಇಬ್ಬರಿದ್ದಾರೆ. ಅವರ ಹೆಸರಿನ ಮುಂದಿನ ಕಾಲಮನ್ನು ಈ ವರ್ಷ ನಾನು ಖಾಲಿ ಬಿಟ್ಟಿದ್ದೇನೆ.